‘ಬಿಡು’ ಎಂಬ ಎರಡಕ್ಷರ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಹಿಂದಿ ಮನೆಮಾತಿನ ಗೆಳತಿಗೆ ಕನ್ನಡ ಕಲಿಸಲು ಹೊರಟು ‘ಬಿಡು’ ಎಂಬಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ ಎಂದು ಓದಿ ನಗು ಬಂತು. ಮಳೆ ಬಿಟ್ಟಿತು ಎಂದರೆ ನಿಂತಿತು, ನಲ್ಲಿಯಲ್ಲಿ ನೀರು ಬಿಟ್ಟರು ಎಂದರೆ ಬರತೊಡಗಿತು, ಒಂದೇ ಪದ ನಿಲ್ಲುವುದಕ್ಕೂ ಶುರುವಾಗುವುದಕ್ಕೂ ಹೇಗೆ ಒದಗುತ್ತದೆ ಎಂದು ಅವಳು ಕೇಳಿದಳಂತೆ. ನೀನು ‘ಅದು ಹಾಗೆಯೇ’ ಎಂದೆಯಂತೆ. ಅಚ್ಚುಮನೆಯಲ್ಲಿ ಕರಡು ತಿದ್ದಿ ತಿದ್ದಿ ಕನ್ನಡಕ ಹಾಕಿಸಿಕೊಂಡವಳ ಮಗಳು ಕೊಡುವ ಉತ್ತರವೇ ಇದು? ಅವಳ ಪ್ರಶ್ನೆ ಬಲು ಚೆನ್ನಾಗಿದೆ, ಅದಕ್ಕೆ ಉತ್ತರವೂ ಇದೆ.

ಮೊಬೈಲ್ ನಿಘಂಟಿನ ‘ತ್ಯಜಿಸು’ ಎಂಬ ಅರ್ಥವನ್ನು ಮೊದಲು ಮರೆತುಬಿಡಿ. ಮುಚ್ಚಿದ ಮುಷ್ಟಿಯೊಂದು ತೆರೆದುಕೊಳ್ಳುವುದನ್ನು ನೆನೆಸಿಕೊಂಡರೆ ಸಾಕು. ಬಿಡಬೇಕಾದರೆ ಅದಕ್ಕೂ ಮೊದಲು ಹಿಡಿತ ಇರಲೇಬೇಕು. ಆದ್ದರಿಂದ ‘ಬಿಡು’ ಕಂಡಲ್ಲೆಲ್ಲ ಹಿಡಿದಿದ್ದವರು ಯಾರು, ಹಿಡಿಸಿಕೊಂಡದ್ದು ಏನು ಎಂದು ಕೇಳಬೇಕು. ಮಳೆ ಹಿಡಿದುಕೊಂಡಿದೆ ಎನ್ನುತ್ತೇವಲ್ಲ, ಅಲ್ಲಿ ಹಿಡಿದಿರುವುದು ಮಳೆಯೇ. ಅದು ಬಿಟ್ಟರೆ ನಮಗೆ ಹೊರಗೆ ಹೋಗಲು ದಾರಿ. ಜ್ವರವೂ ಹಾಗೆಯೇ ಹಿಡಿಯುತ್ತದೆ, ಹಾಗೆಯೇ ಬಿಡುತ್ತದೆ. ನಲ್ಲಿಯ ನೀರಿನ ವಿಷಯದಲ್ಲಿ ಹಿಡಿಸಿಕೊಂಡದ್ದು ನೀರು, ಅದನ್ನು ಬಿಟ್ಟರೆ ಹರಿಯುತ್ತದೆ. ಹಿಡಿದದ್ದು ಬಿಟ್ಟರೆ ಕೊನೆ, ಹಿಡಿಸಿಕೊಂಡದ್ದನ್ನು ಬಿಟ್ಟರೆ ಆರಂಭ. ನಿನ್ನ ಗೆಳತಿಗೆ ವಿರೋಧವಾಗಿ ಕಂಡದ್ದು ಇಷ್ಟೇ.

ಇದು ಕೈಗೆ ಹತ್ತಿದ ಮೇಲೆ ಬಸ್ಸಿನ ಉದಾಹರಣೆ ಕೊಡು. ‘ಬಸ್ ಆರು ಗಂಟೆಗೆ ಬಿಡುತ್ತದೆ’ ಎಂದರೆ ನಿಲ್ದಾಣದಿಂದ ಹೊರಡುತ್ತದೆ. ‘ತುಂಬಾ ನೂಕುನುಗ್ಗಲು, ಅದಕ್ಕೇ ಆ ಬಸ್ ಬಿಟ್ಟೆ’ ಎಂದರೆ ಹತ್ತಲಿಲ್ಲ. ‘ಆ ಊರಿಗೆ ಹೊಸ ಬಸ್ ಬಿಟ್ಟಿದ್ದಾರೆ’ ಎಂದರೆ ಸಂಚಾರ ಆರಂಭವಾಗಿದೆ. ‘ನನ್ನನ್ನು ಬಸ್ಸಿಗೆ ಬಿಟ್ಟು ಬಾ’ ಎಂದರೆ ಅಲ್ಲಿಯವರೆಗೆ ತಲುಪಿಸು. ಶಾಲೆಯದೂ ಇದೇ ಕತೆ. ‘ಶಾಲೆ ಬಿಟ್ಟಿತು’ ಎಂದಾಗ ಮಕ್ಕಳನ್ನು ಕೂಡಿಹಾಕಿಕೊಂಡಿದ್ದ ಶಾಲೆ ಕೈ ಸಡಿಲಿಸಿತು. ‘ಹುಡುಗ ಶಾಲೆ ಬಿಟ್ಟ’ ಎಂದಾಗ ಹುಡುಗನೇ ಸಡಿಲಿಸಿದ. ಮೊದಲನೆಯದನ್ನು ಕೇಳಿ ಮಕ್ಕಳು ಕುಣಿಯುತ್ತಾರೆ, ಎರಡನೆಯದನ್ನು ಕೇಳಿ ಮನೆಯವರು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ.

ಒಳಗಿದ್ದದ್ದು ಹೊರಗೆ ಬಂದಾಗಲೂ ನಮಗೆ ಇದೇ ಪದ. ಗಿಡ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ, ಬೇರು ಬಿಡುತ್ತದೆ. ಗೋಡೆ ಬಿರುಕು ಬಿಡುತ್ತದೆ, ಹೊಸ ಬಟ್ಟೆ ಬಣ್ಣ ಬಿಡುತ್ತದೆ, ಒಲೆ ಹೊಗೆ ಬಿಡುತ್ತದೆ. ಗಂಡಸರು ಗಡ್ಡ ಬಿಡುತ್ತಾರೆ, ಕೆಲವರು ರೈಲು ಬಿಡುತ್ತಾರೆ. (ನಿನ್ನ ಚಿಕ್ಕಪ್ಪನ ರೈಲುಗಳಿಗೆ ಹಳಿಯೇ ಬೇಡ.) ಮೈಯ ಅಂಗಗಳೊಡನೆ ಸೇರಿದಾಗ ಮಾತ್ರ ಎಚ್ಚರ ಬೇಕು. ನಾಯಿಮರಿ ಕಣ್ಣು ಬಿಟ್ಟಿತು ಎಂದರೆ ಲೋಕವನ್ನು ಮೊದಲ ಬಾರಿಗೆ ಕಂಡಿತು. ಅದೇ ಕಣ್ಣನ್ನು ಎರಡು ಸಲ ಹೇಳಿ, ಲೆಕ್ಕ ಕೇಳಿದರೆ ಕಣ್ಣು ಕಣ್ಣು ಬಿಟ್ಟ ಎಂದರೆ ಏನೂ ತೋಚದೆ ನಿಂತ. ಬಾಯಿ ಬಿಟ್ಟ ಎಂದರೆ ಕಳ್ಳ ಗುಟ್ಟು ಒಪ್ಪಿಕೊಂಡ, ಬಾಯಿ ಬಾಯಿ ಬಿಟ್ಟ ಎಂದರೆ ದಿಕ್ಕುಗಾಣದೆ ಒದ್ದಾಡಿದ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ, ಸ್ವಲ್ಪ ಉದ್ದವಾದರೂ ಸಹಿಸಿಕೊ. ಕರಡಿನಲ್ಲಿ ನಾನು ಅತಿ ಹೆಚ್ಚು ಕಾದಾಡಿದ್ದು ಒತ್ತಕ್ಷರದ ಜೊತೆಗಲ್ಲ, ಈ ಪದದ ಹಿಂದಿನ ಖಾಲಿ ಜಾಗದ ಜೊತೆಗೆ. ‘ಕಾದಂಬರಿಯನ್ನು ಓದಿಬಿಟ್ಟ’ ಎಂದು ಕೂಡಿಸಿ ಬರೆದರೆ ಓದಿ ಮುಗಿಸಿದ. ‘ಅರ್ಧ ಓದಿ ಬಿಟ್ಟ’ ಎಂದು ಬಿಡಿಸಿ ಬರೆದರೆ ಓದುವುದನ್ನೇ ನಿಲ್ಲಿಸಿದ. ‘ಮಗುವನ್ನು ಮನೆಗೆ ತಂದು ಬಿಟ್ಟರು’ ಎಂದರೆ ಕರೆತಂದು ಒಪ್ಪಿಸಿ ಹೋದರು; ‘ತಂದುಬಿಟ್ಟರು’ ಎಂದರೆ ತರಬಾರದಿತ್ತೇನೋ ಎಂಬ ಅನುಮಾನದ ಎಳೆಯೊಂದು ಬಂದು ಸೇರುತ್ತದೆ. ಅಚ್ಚು ಜೋಡಿಸುವವರಿಗೆ ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಎರಡನ್ನೂ ಕೂಡಿಸುವ ಚಾಳಿ, ಜಾಗ ಹೆಚ್ಚಾದರೆ ಒಡೆಯುವ ಚಾಳಿ. ಅವರ ದೃಷ್ಟಿಯಲ್ಲಿ ಅದು ಅಳತೆಯ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಮನುಷ್ಯನೊಬ್ಬ ಪುಸ್ತಕ ಮುಗಿಸಿದನೋ ಮೂಲೆಗೆ ಎಸೆದನೋ ಎಂಬ ಪ್ರಶ್ನೆ. ಇಂದಿನ ಪತ್ರಿಕೆಗಳಲ್ಲಿ ಎರಡನ್ನೂ ಮನಬಂದಂತೆ ಬರೆಯುವುದನ್ನು ಕಂಡರೆ ಈಗಲೂ ಕೈ ಕೆಂಪು ಪೆನ್ನು ಹುಡುಕುತ್ತದೆ.

ಹೀಗೆ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡಾಗ ‘ಬಿಡು’ ತನ್ನ ಅರ್ಥವನ್ನು ಬದಿಗಿಟ್ಟು ಆ ಪದಕ್ಕೆ ದುಡಿಯುತ್ತದೆ. ‘ಲೋಟ ಬಿತ್ತು’ ಎಂಬುದು ಸುದ್ದಿ. ‘ಲೋಟ ಬಿದ್ದುಬಿಟ್ಟಿತು’ ಎಂದರೆ ಆಗಬಾರದ್ದು ಆಗಿಹೋಯಿತು, ಇನ್ನು ತಡೆಯಲಾಗದು. ‘ಹೇಳಿದೆ’ ಎಂದಾಗ ಮಾತು ಇನ್ನೂ ನನ್ನದು, ‘ಹೇಳಿಬಿಟ್ಟೆ’ ಎಂದಾಗ ಅದು ಕೈಜಾರಿದೆ. ಮುಷ್ಟಿ ಇಲ್ಲಿಯೂ ತೆರೆದಿದೆ ನೋಡು, ಹೋದದ್ದನ್ನು ಮತ್ತೆ ಹಿಡಿಯಲು ಬರುವುದಿಲ್ಲ. ಆದರೆ ಇದು ಯಾವಾಗಲೂ ಪಶ್ಚಾತ್ತಾಪವೇ ಅಲ್ಲ. ‘ಬೇಗ ಉಂಡುಬಿಡು’, ‘ಇವತ್ತೇ ಅರ್ಜಿ ಹಾಕಿಬಿಡು’ ಎಂದಾಗ ಹಿಂದುಮುಂದು ನೋಡದೆ ಮುಗಿಸು ಎಂಬ ಒತ್ತಾಯ. ನಡೆಯದೇ ಹೋದದ್ದಕ್ಕೆ ಇದು ಅಂಟುವುದು ಕಡಿಮೆ. ಲೋಟ ಬೀಳದಿದ್ದರೆ ‘ಬೀಳಲಿಲ್ಲ’ ಎಂದು ಸುಮ್ಮನಾಗುತ್ತೇವೆ. ‘ಬಿದ್ದುಬಿಡಲಿಲ್ಲ’ ಎಂದರೆ ಯಾರಿಗೋ ಎದುರು ಮಾತು ಕೊಟ್ಟಂತೆ ಕೇಳುತ್ತದೆ. ನಿನ್ನ ಗೆಳತಿಗೆ ಇದು ಹೊಸತೂ ಅಲ್ಲ. ಅವಳ ಹಿಂದಿಯಲ್ಲಿ ‘ಗಿರ್ ಗಯಾ’ ಎಂದು ‘ಹೋಗು’ ಮಾಡುವ ಕೆಲಸವನ್ನು, ‘ಮಾರ್ ಡಾಲಾ’ ಎಂದು ‘ಹಾಕು’ ಮಾಡುವ ಕೆಲಸವನ್ನು ನಮ್ಮಲ್ಲಿ ಬಹುಪಾಲು ‘ಬಿಡು’ ಒಂದೇ ಹೊತ್ತುಕೊಂಡಿದೆ.

‘ಬಿಡಿಸು’ ಬಂದರೆ ಇನ್ನೊಂದು ಪತ್ರವೇ ಬೇಕು. ಬಟಾಣಿ ಬಿಡಿಸುತ್ತೇವೆ, ಮಲ್ಲಿಗೆ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಅಡವಿಟ್ಟ ಒಡವೆ ಬಿಡಿಸಿಕೊಳ್ಳುತ್ತೇವೆ. ಇವೆಲ್ಲ ಕಟ್ಟಿನಿಂದ ಪಾರು ಮಾಡುವ ಕೆಲಸಗಳೇ. ಆದರೆ ಚಿತ್ರವನ್ನು ಏಕೆ ‘ಬಿಡಿಸುತ್ತೇವೆ’? ಚಿತ್ರ ಕಾಗದದೊಳಗೆ ಸಿಕ್ಕಿಕೊಂಡಿತ್ತು, ಪೆನ್ಸಿಲ್ ಅದನ್ನು ಹೊರತಂದಿತು ಎಂದು ಭಾವಿಸಿಕೊಳ್ಳಲು ನನಗಿಷ್ಟ. ವ್ಯಾಕರಣದ ಮೇಷ್ಟರು ಒಪ್ಪದಿದ್ದರೆ ನಷ್ಟ ಅವರಿಗೆ.

ಪದದ ವಂಶಾವಳಿಯೂ ಸೊಗಸಾಗಿದೆ. ಕೆಡು, ಪಡು ಎಂಬ ಕ್ರಿಯಾಪದಗಳ ಮೊದಲಕ್ಷರವನ್ನು ದೀರ್ಘ ಮಾಡಿದರೆ ಕೇಡು, ಪಾಡು ಎಂಬ ನಾಮಪದಗಳು ಹುಟ್ಟುತ್ತವೆ. ಅದೇ ಅಚ್ಚಿನಲ್ಲಿ ‘ಬಿಡು’ವಿನಿಂದ ‘ಬೀಡು’ ಹುಟ್ಟಿತು. ಪಯಣದ ನಡುವೆ ಹೊರೆಯನ್ನು, ಎತ್ತುಕುದುರೆಗಳನ್ನು ಬಿಟ್ಟು ತಂಗುವ ಜಾಗ ಅದು. ದಂಡು ಬೀಡುಬಿಟ್ಟಿತು ಎಂಬಲ್ಲಿ ತಾಯಿಮಗಳು ಒಟ್ಟಿಗೇ ಇದ್ದಾರೆ. ತಂಗುದಾಣವೇ ಬರಬರುತ್ತಾ ರಾಜರ ನೆಲೆಯಾಯಿತು. ಹೊಯ್ಸಳರ ದೋರಸಮುದ್ರ 14ನೆಯ ಶತಮಾನದ ದಾಳಿಗಳಲ್ಲಿ ಹಾಳಾದ ಮೇಲೆ ಉಳಿದ ಹೆಸರು ಹಳೇಬೀಡು. ತಮಿಳಿನವರಿಗೆ ಇದೇ ಪದ ‘ವೀಡು’. ನಮ್ಮ ಬೇರು ಅವರಿಗೆ ವೇರು, ನಮ್ಮ ಬಾ ಅವರಿಗೆ ವಾ ಆದಂತೆ. ಅವರಲ್ಲಿ ವೀಡು ಎಂದರೆ ಮನೆಯೂ ಹೌದು, ಮೋಕ್ಷವೂ ಹೌದು.

ಶಾಸನಗಳಲ್ಲಿ ‘ಬಿಡು’ ಎಂದರೆ ಕೊಡು. ಅರಸನೋ ಅಧಿಕಾರಿಯೋ ದೇವಾಲಯಕ್ಕೆ ಗದ್ದೆ ಕೊಟ್ಟಾಗ ‘ಧಾರಾಪೂರ್ವಕಂ ಮಾಡಿ ಬಿಟ್ಟ ದತ್ತಿ’ ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಕೈಯಿಂದ ನೀರು ಎರೆದು, ಆ ಭೂಮಿಯ ಮೇಲಿನ ತನ್ನ ಹಕ್ಕನ್ನು ಸಡಿಲಿಸುವುದು. ಕೊಡುವುದಕ್ಕೆ ಬೇರೆ ಪದ ಕನ್ನಡದಲ್ಲಿ ಇಲ್ಲದೇ ಏನಿಲ್ಲ. ‘ಕೊಟ್ಟ’ ಎನ್ನುವಾಗ ಪಡೆದವನ ಕಡೆ ನೋಟ, ‘ಬಿಟ್ಟ’ ಎನ್ನುವಾಗ ಕಳೆದುಕೊಂಡವನ ಕಡೆ ನೋಟ.

ವಂಶದ ಹೆಸರು ಹೇಳಿಕೊಂಡು ಬರುವ ಇಬ್ಬರ ಬಗ್ಗೆ ಎಚ್ಚರವಿರಲಿ. ಪುಕ್ಕಟೆ ಎಂಬ ಅರ್ಥದ ‘ಬಿಟ್ಟಿ’ ನಮ್ಮ ‘ಬಿಡು’ವಿನ ಮಗುವಲ್ಲ, ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆಗೆ ಸಂಸ್ಕೃತದಲ್ಲಿದ್ದ ‘ವಿಷ್ಟಿ’ಯ ತದ್ಭವ. ಹೊಯ್ಸಳ ಬಿಟ್ಟಿದೇವನ ಬಿಟ್ಟಿಯಂತೂ ಇನ್ನೂ ದೂರದ್ದು, ಅದು ವಿಷ್ಣುವಿನಿಂದ ಬಂದದ್ದು. ಬಿಡುವು, ಬಿಡುಗಡೆ, ಬಿಡುಗಾಸು, ಬಿಡಿಭಾಗ ಇವು ಮಾತ್ರ ಮನೆಮಕ್ಕಳೇ.

ಉಳಿದದ್ದು ಮಾತಿನ ಕೊನೆಗೆ ಒಂಟಿಯಾಗಿ ಬರುವ ‘ಬಿಡು’. ಇದನ್ನು ಅವಳಿಗೆ ಕೊನೆಯಲ್ಲಿ ಕಲಿಸು. ‘ಬರುತ್ತಾನೆ ಬಿಡು’ ಎಂದು ಮೆಲ್ಲಗೆ ಹೇಳಿದರೆ ಧೈರ್ಯ ತುಂಬಿದಂತೆ. ‘ಬರುತ್ತಾನೆ’ಯನ್ನು ಎಳೆದು ಅದನ್ನೇ ಹೇಳಿದರೆ ಅವನು ಬರುವುದಿಲ್ಲ ಎಂದು ಅರ್ಥ. ‘ಹೋಗಲಿ ಬಿಡು’ ಸಮಾಧಾನ, ‘ಅವಳಿಗೇನು ಬಿಡು’ ಹೊಟ್ಟೆಕಿಚ್ಚು, ಬರೀ ‘ಬಿಡು!’ ಎಂದು ಕತ್ತರಿಸಿದರೆ ಮಾತುಕತೆ ಮುಗಿಯಿತು. ಹಿರಿಯರೊಡನೆ ‘ಬಿಡಿ’ ಎನ್ನಬೇಕೆಂದು ಹೇಳಿಕೊಡು, ಆದರೆ ‘ನಿಮಗೆ ಇದೆಲ್ಲ ತಿಳಿಯುವುದಿಲ್ಲ ಬಿಡಿ’ ಎಂದರೆ ಆ ಬಹುವಚನದಿಂದ ಏನೂ ಪ್ರಯೋಜನವಿಲ್ಲ ಎಂಬುದನ್ನೂ ಸೇರಿಸು. ಈ ರಾಗಗಳನ್ನು ಕಾಗದದ ಮೇಲೆ ಇಳಿಸಲು ನನಗೆ ಬಾರದು. ಭಾನುವಾರ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡು, ಒಂದೊಂದಾಗಿ ಹೇಳಿ ತೋರಿಸುತ್ತೇನೆ. ಹೊಟ್ಟೆಕಿಚ್ಚಿನದನ್ನು ನಿನ್ನ ಅತ್ತೆಯಿಂದಲೇ ಹೇಳಿಸೋಣ, ಅವರಷ್ಟು ಚೆನ್ನಾಗಿ ನನಗೆ ಬರುವುದಿಲ್ಲ.

ನಿನ್ನ
ಅಮ್ಮ