12.76 ಸೆಕೆಂಡುಗಳ ಹಿಂದಿನ ಓಟ

ಮಾನ್ಯರೇ,

ಒಲಿಂಪಿಕ್ಸ್ ಓಟಗಳೆಂದರೆ ಫೈನಲ್ ಮಾತ್ರ ಎಂಬಂತೆ ಬರೆಯುವ ರೂಢಿ ನಮ್ಮ ಕ್ರೀಡಾಪುಟಗಳಲ್ಲಿದೆ. ಮೊದಲ ಸುತ್ತಿನಲ್ಲೇ ಹೊರಬಿದ್ದವರ ಬಗ್ಗೆಯೂ ನಾಲ್ಕು ಸಾಲು ಬರಲಿ ಎಂಬ ಆಸೆಯಿಂದ ಆರ್ಮೇನಿಯಾದ ಆನಿ ಖಾಚಿಕ್ಯಾನ್ ಅವರನ್ನು ಇಲ್ಲಿ ನೆನಪಿಸುತ್ತಿದ್ದೇನೆ.

2008ರ ಬೀಜಿಂಗ್ ಕೂಟದ 100 ಮೀಟರ್ ಓಟದಲ್ಲಿ ಸ್ಪರ್ಧಿಸಿದಾಗ ರಾಜಧಾನಿ ಯೆರೆವಾನ್‌ನ ಈ ಹುಡುಗಿಗೆ 17 ವರ್ಷ. ತನ್ನ ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನ ಗುಂಪು ಓಟದಲ್ಲಿ, 12.76 ಸೆಕೆಂಡಿನಲ್ಲಿ ಗುರಿ ಮುಟ್ಟಿ ಎಂಟನೆಯವಳಾದಳು. ಅದೇ ಕೂಟದಲ್ಲಿ ಜಮೈಕಾದ ಶೆಲ್ಲಿ-ಆ್ಯನ್ ಫ್ರೇಸರ್ 10.78 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಇಬ್ಬರೂ ಅದೇ ವೇಗದಲ್ಲಿ ಒಟ್ಟಿಗೆ ಓಡಿದ್ದರೆ ಫ್ರೇಸರ್ ಗೆರೆ ದಾಟುವ ಹೊತ್ತಿಗೆ ಆನಿಗೆ ಇನ್ನೂ 15 ಮೀಟರಿಗೂ ಹೆಚ್ಚು ದೂರ ಉಳಿದಿರುತ್ತಿತ್ತು.

ಅಂತರ ದೊಡ್ಡದೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆನಿ ಹುಟ್ಟಿದ್ದು 1991ರಲ್ಲಿ, ಆರ್ಮೇನಿಯಾ ಸ್ವತಂತ್ರವಾದ ವರ್ಷದಲ್ಲಿ. 1988ರ ಭೂಕಂಪದ ಬಳಿಕ ಮೆಟ್ಸಮೋರ್ ಅಣುಸ್ಥಾವರವನ್ನು ಮುಚ್ಚಿದ್ದರಿಂದ, ಜತೆಗೆ ಯುದ್ಧ ಮತ್ತು ದಿಗ್ಬಂಧನದಿಂದ, ದಿನಕ್ಕೆ ಕೆಲವೇ ತಾಸು ವಿದ್ಯುತ್ ಸಿಗುತ್ತಿದ್ದ ಕಾಲವದು. ಸುಮಾರು 30 ಲಕ್ಷ ಜನರ ಆ ನಾಡಿಗೆ ಬೀಜಿಂಗ್‌ನಲ್ಲಿ ಪದಕ ತಂದವು ಕುಸ್ತಿ, ವೇಟ್‌ಲಿಫ್ಟಿಂಗ್, ಬಾಕ್ಸಿಂಗ್. ಅಥ್ಲೆಟಿಕ್ಸ್‌ನಲ್ಲಿ ಹೇಳಿಕೊಳ್ಳುವಂಥದ್ದೆಂದರೆ, ಸೋವಿಯತ್ ಕಾಲದಲ್ಲಿ, 1987ರಲ್ಲಿ, ತ್ಸಾಖ್ಕಾಜೋರ್‌ನ ಎತ್ತರದ ಮೈದಾನದಲ್ಲಿ ರಾಬರ್ಟ್ ಎಮ್ಮಿಯಾನ್ ಜಿಗಿದ 8.86 ಮೀಟರ್ ಉದ್ದಜಿಗಿತ. ಮಹಿಳೆಯರ ಓಟದಲ್ಲಿ ಅಂಥ ಪರಂಪರೆ ಕಾಣುವುದಿಲ್ಲ.

ಇಂಥ ದೇಶದ ಓಟಗಾರ್ತಿಯ ವೃತ್ತಿಜೀವನವನ್ನು ಪದಕಪಟ್ಟಿಯಿಂದ ಅಳೆಯುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ಕೂಟದ ವರದಿಗಳಲ್ಲಿ ಹೀಟ್‌ಗಳ ಕೊನೆಯ ಸಾಲಿನ ಹೆಸರುಗಳಿಗೂ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಧಾರವಾಡ