ವಿಮಾನದ ಡಬ್ಬಿಯೂ ಬೆವರುತ್ತದೆ

ಸಂಪಾದಕರೇ,

ನಮ್ಮಲ್ಲೇ ತಯಾರಾಗುವ ವಿಮಾನಗಳ ಸುದ್ದಿ ಬಂದಾಗಲೆಲ್ಲ ‘ಪರೀಕ್ಷೆಯಿಂದಾಗಿ ಮತ್ತೆ ವಿಳಂಬ’ ಅಂತ ಒಂದು ಸಾಲು ಇದ್ದೇ ಇರುತ್ತದೆ. ಮೊನ್ನೆ ಅಳಿಯ ಪೇಪರ್ ಮಡಚಿಟ್ಟು, “ಮೊಬೈಲ್ ವರ್ಷಕ್ಕೊಂದು ಬರುತ್ತೆ ಮಾವ, ವಿಮಾನದ ಕಂಪ್ಯೂಟರ್‌ಗೆ ಯಾಕೆ ಇಷ್ಟು ವರ್ಷ?” ಅಂದ. ಬೆಂಗಳೂರಿನಲ್ಲಿ ಇಂಥ ಕಂಪ್ಯೂಟರ್ ಕೂರುವ ಡಬ್ಬಿಗಳ ಟೆಸ್ಟಿಂಗ್‌ನಲ್ಲೇ ದುಡಿದು ರಿಟೈರ್ ಆದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚೇಂಬರ್ ಅಂದರೆ ಫ್ರಿಜ್ಜೂ ಹೌದು, ಓವನ್ನೂ ಹೌದು. ಡಬ್ಬಿಯನ್ನು ಅದರೊಳಗಿಟ್ಟು ಮೈನಸ್ 55 ಡಿಗ್ರಿಗೆ ಇಳಿಸಿ, 70ಕ್ಕೆ ಏರಿಸಿ, ಮತ್ತೆ ಇಳಿಸುತ್ತೇವೆ. ಸುಮ್ನೆ ಅಲ್ಲ. ಬಿಸಿಗೆ ಡಬ್ಬಿಯೊಳಗಿನ ಸರ್ಕ್ಯೂಟ್ ಬೋರ್ಡ್ ಹಿಗ್ಗಿದಷ್ಟು ಅದರ ಮೇಲಿನ ಚಿಪ್ ಹಿಗ್ಗುವುದಿಲ್ಲ, ಇಬ್ಬರ ನಡುವೆ ಸಿಕ್ಕಿಕೊಂಡ ಬೆಸುಗೆ ಪ್ರತಿ ಸಲ ಜಗ್ಗಿ ಜಗ್ಗಿ ಕೊನೆಗೆ ಬಿರುಕು ಬಿಡುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಪಿನ್ನಿನ ಸುತ್ತ ಕೂದಲೆಳೆಯಂಥ ಉಂಗುರ, ಅಷ್ಟೇ. ಅಂಥ ಬೋರ್ಡ್ ಟೇಬಲ್ ಮೇಲೆ ಚೆನ್ನಾಗಿಯೇ ಓಡುತ್ತದೆ. ಶೇಕರ್ ಮೇಲೆ ಕೂರಿಸಿ ಅಲುಗಾಡಿಸಿದಾಗ ಮಾತ್ರ ಕೈಕೊಡುತ್ತದೆ, ಕೆಳಗಿಳಿಸಿದರೆ ಮತ್ತೆ ಸಾಚಾ!

ನನಗೆ ಚಳಿಗಿಂತ ಜಾಸ್ತಿ ಭಯ ನೀರಿನದು. ವಿಮಾನ ಮೇಲೇರಿದಾಗ ಡಬ್ಬಿಯೊಳಗಿನ ಗಾಳಿ ಹೊರಗೆ ಹೋಗುತ್ತದೆ, ಇಳಿಯುವಾಗ ಮಂಗಳೂರಿನಂಥ ಊರಿನ ತೇವದ ಗಾಳಿ ಒಳಗೆ ಬರುತ್ತದೆ, ತಣ್ಣಗಿರುವ ಬೋರ್ಡಿನ ಮೇಲೆ, ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲ್ ಚೊಂಬಿನ ಹಾಗೆ, ಹನಿ ಕೂರುತ್ತದೆ. ಅದಕ್ಕೇ ಬೋರ್ಡಿಗೆ ವಾರ್ನಿಷ್ ತರಹದ ತೆಳು ಕೋಟಿಂಗ್ ಕೊಡುವುದು. ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಿಡಿದು ನೋಡುತ್ತಿದ್ದೆವು, ನೀಲಿಯಾಗಿ ಹೊಳೆಯುವ ಬೋರ್ಡಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡರೂ, ಅಲ್ಲಿ ಕೋಟಿಂಗ್ ಕೂತಿಲ್ಲ ಅಂತ, ವಾಪಸ್.

ಇದು ಅತಿಯಾಯಿತು ಅನ್ನುವವರು 2008ರ ಜನವರಿ 7ರ ಕಥೆ ಕೇಳಬೇಕು. ಲಂಡನ್‌ನಿಂದ ಬ್ಯಾಂಕಾಕ್‌ಗೆ ಬರುತ್ತಿದ್ದ ಕ್ವಾಂಟಾಸ್‌ನ ಬೋಯಿಂಗ್ 747ರಲ್ಲಿ ಅಡುಗೆ ಜಾಗದ ನೀರು ಕೆಳಗಿನ ಎಲೆಕ್ಟ್ರಾನಿಕ್ಸ್ ಕೋಣೆಗೆ ಸೋರಿ, ಜನರೇಟರ್ ನಿಯಂತ್ರಿಸುವ ಡಬ್ಬಿಗಳ ಒಳಗೆ ಹೋಯಿತು. ನೀರು ತಡೆಯಲೆಂದೇ ಮೇಲೊಂದು ತಟ್ಟೆ ಇತ್ತು, ಅದೂ ಬಿರುಕು ಬಿಟ್ಟಿತ್ತು. ನಾಲ್ಕು ಮುಖ್ಯ ಕರೆಂಟ್ ಲೈನ್‌ಗಳಲ್ಲಿ ಮೂರು ಸತ್ತವು. ಹಗಲಾಗಿತ್ತು, ಬ್ಯಾಂಕಾಕ್ ಹತ್ತಿರವೇ ಇತ್ತು, ಎಲ್ಲರೂ ಕ್ಷೇಮವಾಗಿ ಇಳಿದರು. ಅದೇ ರಾತ್ರಿ ಹೊತ್ತು, ನಡುಸಮುದ್ರದ ಮೇಲೆ ಆಗಿದ್ದರೆ? ಅಡುಗೆ ಜಾಗದ ನೀರು ಸ್ವಾಮಿ, ಬೇರೇನೂ ಅಲ್ಲ.

ಹಾಗಂತ ಎಲ್ಲ ವಿಳಂಬಕ್ಕೂ ಟೆಸ್ಟಿಂಗೇ ಕಾರಣ ಅಂತ ನಾನು ಹೇಳುತ್ತಿಲ್ಲ, ಫೈಲು ಕೂತು ಹಾಳಾದ ತಿಂಗಳುಗಳನ್ನೂ ಕಂಡಿದ್ದೇನೆ. ಎರಡನ್ನೂ ಒಂದೇ ಮಾತಿನಲ್ಲಿ ಸುತ್ತಬೇಡಿ ಅನ್ನುವುದಷ್ಟೇ ಮನವಿ. ಮುಂದಿನ ಸಲ ಯಾವ ಟೆಸ್ಟ್‌ನಲ್ಲಿ ಏನು ಕೆಟ್ಟಿತು, ಹೇಗೆ ಸರಿ ಮಾಡಿದರು ಅಂತ ಎರಡು ಸಾಲು ಬರೆಸಿ. ರಾಶಿಭವಿಷ್ಯದ ಪಕ್ಕ ಜಾಗ ಸಿಕ್ಕರೂ ಸಾಕು, ಅಳಿಯ ಮೊದಲು ಓದುವುದು ಅದನ್ನೇ.

– ನಿವೃತ್ತ ಟೆಕ್ನಿಷಿಯನ್, ಬೆಂಗಳೂರು