ತಮ್ಮ ನಡೆದುಕೊಂಡೇ ಮನೆಗೆ ಬಂದ

ನಿನ್ನೆ ಗೌರಿಬಿದನೂರು ಸ್ಟೇಷನ್ನಿನಲ್ಲಿ ನನ್ನ ತಮ್ಮ ರೈಲಿಂದ ಇಳಿದ. ಕೈಯಲ್ಲಿ ಕೋಲಿರಲಿಲ್ಲ. ಅಮ್ಮ ಅವನ ಮುಖಕ್ಕಿಂತ ಮೊದಲು ಕಾಲು ನೋಡಿದಳು.

ಅವನು ನೌಕಾಪಡೆಯಲ್ಲಿ ಸೇಲರ್. ಐದು ತಿಂಗಳ ಹಿಂದೆ ಹಡಗಿನ ಏಣಿಯಿಂದ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದ. ಸುದ್ದಿ ಬಂದ ರಾತ್ರಿಯೇ ಅಮ್ಮ, ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ದಾರಿಯುದ್ದಕ್ಕೂ ಅಮ್ಮನ ಬಾಯಲ್ಲಿ ವಿದುರಾಶ್ವತ್ಥದ ನಾಗಪ್ಪನ ಹೆಸರೇ.

ಮುಂಬೈ ಕೊಲಾಬಾದಲ್ಲಿರುವ ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿ ಅವನಿಗೆ ಆಪರೇಷನ್ ಆಗಿತ್ತು. ‘ಹಡಗಲ್ಲೇ ಇದ್ದೀನಿ ಅಕ್ಕ’ ಅಂದ, ಅಂಥ ನೋವಲ್ಲೂ. ನೆಲದ ಮೇಲಿದ್ದರೂ ಆ ಆಸ್ಪತ್ರೆಯನ್ನು ಹಡಗಿನ ಹಾಗೇ ಕಮಿಷನ್ ಮಾಡಿದ್ದಾರಂತೆ, ಅಂದರೆ ವಿಧಿವತ್ತಾಗಿ ನೌಕಾಪಡೆಯ ಸೇವೆಗೆ ಸೇರಿಸಿದ್ದಾರಂತೆ, 1951ರಲ್ಲಿ. ಅದರ ಬೇರು ಇನ್ನೂ ಹಳೆಯದು. 1756ರಿಂದ ಅಲ್ಲಿ ಹಡಗಿನವರಿಗೆ ಔಷಧಿ ಕೊಡುತ್ತಾ ಬಂದಿದ್ದಾರೆ. ದೇವತೆಗಳ ವೈದ್ಯರಾದ ಅಶ್ವಿನಿ ಕುಮಾರರ ಹೆಸರು ಅಂತ ಹೇಳಿದ ಮೇಲೆ ಅಮ್ಮನಿಗೆ ಸ್ವಲ್ಪ ಧೈರ್ಯ ಬಂತು.

ಆಪರೇಷನ್ ಮಾಡಿದ ಡಾಕ್ಟರಿಗೆ ಕೈ ಮುಗಿಯುತ್ತೇನೆ. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ವಾರ್ಡಿನ ಸಿಸ್ಟರ್. ಹೆಗಲ ಮೇಲೆ ಮೂರು ನಕ್ಷತ್ರ, ಕ್ಯಾಪ್ಟನ್ ಅವರು. ಮಿಲಿಟರಿ ನರ್ಸಿಂಗ್ ಸರ್ವಿಸಿನವರೆಲ್ಲ ಆಫೀಸರ್‌ಗಳೇ. ಅಷ್ಟು ದೊಡ್ಡ ಹುದ್ದೆಯವರು ಬಗ್ಗಿ ನಿಂತು, ತಮ್ಮನ ಹಿಮ್ಮಡಿ ಕೆಳಗೆ ಮಡಚಿದ ಟವೆಲ್ ಇಟ್ಟು, ಸರಿಯಾಯ್ತಾ ಅಂತ ಕೇಳಿ, ಮತ್ತೆ ಬೆರಳಷ್ಟು ಸರಿಸುತ್ತಿದ್ದರು. ದಿನಾ ಹಾಗೇ.

ಅಮ್ಮನಿಗೆ ಹಿಂದಿ ಬರಲ್ಲ. ಆದರೆ ನಮ್ಮ ಕಡೆಯವರಿಗೆ ತೆಲುಗು ಬರುತ್ತಲ್ವಾ. ವಾರ್ಡಿನಲ್ಲಿ ಶ್ರೀಕಾಕುಳಂನ ಹುಡುಗನೊಬ್ಬ ಮೆಡಿಕಲ್ ಅಸಿಸ್ಟೆಂಟ್ ಆಗಿದ್ದ. ಡ್ಯೂಟಿ ಮುಗಿದರೂ ಬಂದು ‘ಅಮ್ಮಾ, ತಿನ್ನಾವಾ?’ ಅಂತ ಕೇಳಿ ಹೋಗುತ್ತಿದ್ದ. ಆ ಒಂದು ಮಾತಿಗೆ ಅಮ್ಮ ಊಟ ಮಾಡುತ್ತಿದ್ದಳು. ಅವನಿಗೆ ನಾವು ಏನು ಕೊಟ್ಟರೂ ಕಡಿಮೆಯೇ.

ಮೊದಲ ಹೆಜ್ಜೆ ಇಡಿಸಿದ ಫಿಸಿಯೋಥೆರಪಿಯವರಿಗೆ, ರಾತ್ರಿ ಸರದಿಯಲ್ಲಿ ಪಕ್ಕದಲ್ಲಿ ಕೂತ ತಮ್ಮನ ಹಡಗಿನ ಗೆಳೆಯರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಊರಲ್ಲಿ ಎರಡೂ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ಒಂದು ದಿನವೂ ಬಿಡದೆ ಲೆಕ್ಕ ಬರೆದಿಟ್ಟ ಪಕ್ಕದ ಮನೆ ಅತ್ತೆಗೂ ಅಷ್ಟೇ.

ನಾಡಿದ್ದು ವಿದುರಾಶ್ವತ್ಥಕ್ಕೆ ಹೋಗಿ ಹರಕೆ ತೀರಿಸುತ್ತೇವೆ. ತಮ್ಮ ಮುಂದಿನ ತಿಂಗಳು ಮತ್ತೆ ತೋರಿಸಲು ಅಶ್ವಿನಿಗೆ ಹೋಗಬೇಕು. ಅಮ್ಮ ಈಗಲೇ ರಾಗಿ ಹುರಿಹಿಟ್ಟಿಗೆ ಎರಡು ಡಬ್ಬ ತೊಳೆದಿಟ್ಟಿದ್ದಾಳೆ. ಒಂದು ಸಿಸ್ಟರಿಗೆ, ಒಂದು ಆ ಶ್ರೀಕಾಕುಳಂ ಹುಡುಗನಿಗೆ.